ಸಿದ್ಧ ಸ್ಲೈಡುಗಳ ಪೆಟ್ಟಿಗೆ: ಹೂಬಿಡುವ ಸಸ್ಯಗಳ ಒಳರಚನೆಯನ್ನು ಅದು ಎಷ್ಟು ತೋರಿಸುತ್ತದೆ?

ಪಿಯುಸಿ ಹಾಗೂ ಬಿ.ಎಸ್ಸಿ. ಮೊದಲ ವರ್ಷದ ವಿದ್ಯಾರ್ಥಿಗಳಿಗೆಂದು ತಯಾರಾಗುವ ಸಸ್ಯ ಅಂಗಾಂಶಗಳ ಸಿದ್ಧ ಸ್ಲೈಡುಗಳು ಬೆಂಗಳೂರಿನ ಪೇಟೆ ಪ್ರದೇಶದಲ್ಲಿ, ಕಾಲೇಜು ಪ್ರಯೋಗಾಲಯಗಳಿಗೆ ಗಾಜಿನ ಸಾಮಾನು ಮತ್ತು ರಾಸಾಯನಿಕಗಳನ್ನು ಒದಗಿಸುವ ಅಂಗಡಿಗಳಲ್ಲಿ ಪೆಟ್ಟಿಗೆಯ ಲೆಕ್ಕದಲ್ಲಿ ಸಿಗುತ್ತವೆ. ನಾನು ಇಲ್ಲಿ ಪರಿಶೀಲಿಸುತ್ತಿರುವುದು ಅಂಥ ಒಂದು ಪೆಟ್ಟಿಗೆಯನ್ನು: 25 ಸ್ಲೈಡುಗಳು, ಜೊತೆಗೊಂದು ಕಿರುಪುಸ್ತಿಕೆ, ಬೆಲೆ 2,300 ರೂಪಾಯಿ. ತಯಾರಕರ ಹೆಸರನ್ನೂ ಅಂಗಡಿಯ ಹೆಸರನ್ನೂ ಬರೆಯುತ್ತಿಲ್ಲ. ಒಂದೇ ಬಗೆಯ ಸ್ಲೈಡುಗಳು ಬೇರೆ ಬೇರೆ ಚೀಟಿ ಅಂಟಿಸಿಕೊಂಡು ಬೇರೆ ಬೇರೆ ಅಂಗಡಿಗಳಲ್ಲಿ ಕಾಣಿಸಿಕೊಳ್ಳುವುದರಿಂದ ಹೆಸರು ತಿಳಿಯುವುದರಿಂದ ಕೊಳ್ಳುವವರಿಗೆ ಹೆಚ್ಚಿನ ಪ್ರಯೋಜನವಿಲ್ಲ. ಒಂದು ಸ್ಲೈಡು ಒಳ್ಳೆಯದೋ ಕೆಟ್ಟದ್ದೋ ಎಂದು ಗುರುತಿಸಲು ಏನನ್ನು ನೋಡಬೇಕೆಂಬುದು ತಿಳಿದರೆ ಯಾವ ಅಂಗಡಿಯಲ್ಲಿಯೂ ಉಪಯೋಗಕ್ಕೆ ಬರುತ್ತದೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುವುದಾದರೆ, ಈ ಪೆಟ್ಟಿಗೆಯ ಅರ್ಧಕ್ಕಿಂತ ಕಡಿಮೆ ಸ್ಲೈಡುಗಳು ಕೊಟ್ಟ ಹಣಕ್ಕೆ ತಕ್ಕವು. ಉಳಿದವು ತೋರಿಸುವುದನ್ನು ಗಾಂಧಿ ಬಜಾರಿನ ತರಕಾರಿ, ಒಂದು ಕ್ಷೌರದ ಬ್ಲೇಡು ಮತ್ತು ಒಂದು ಬಣ್ಣದ ಶೀಶೆ ಇನ್ನೂ ಚೆನ್ನಾಗಿ ತೋರಿಸುತ್ತವೆ.

ಹೊರಗಿನ ಸಂಗತಿಗಳನ್ನು ಬೇಗ ಮುಗಿಸುತ್ತೇನೆ. ಪೆಟ್ಟಿಗೆ ಪ್ಲಾಸ್ಟಿಕ್ಕಿನದು, ಒಳಗೆ ಸ್ಲೈಡು ನಿಲ್ಲಿಸುವ ಕಚ್ಚುಗಳಿವೆ, ಮುಚ್ಚಳದ ಕೀಲು ದುರ್ಬಲ. ಗಾಜಿನ ಅಂಚುಗಳನ್ನು ಉಜ್ಜಿ ನಯಗೊಳಿಸಿದ್ದಾರೆ; ಮಕ್ಕಳ ಕೈಗೆ ಕೊಡುವ ವಸ್ತುವಿಗೆ ಇದು ಮುಖ್ಯ. ಸೀಳಿಕೆಗಳನ್ನು, ಅಂದರೆ ತೆಳುವಾಗಿ ಕೊಯ್ದ ಸಸ್ಯದ ಪದರಗಳನ್ನು, ಕೂರಿಸಲು ಕೆನಡಾ ಬಾಲ್ಸಂ ಎಂಬ ಮರದ ರಾಳದ ಬದಲು ಡಿಪಿಎಕ್ಸ್ ಎಂಬ ಕೃತಕ ಅಂಟು ಬಳಸಿರುವುದಾಗಿ ಪುಸ್ತಿಕೆ ಹೇಳುತ್ತದೆ. ವರ್ಷಗಳು ಕಳೆದಂತೆ ಬಾಲ್ಸಂ ಹಳದಿಗೆ ತಿರುಗುತ್ತದೆ, ಡಿಪಿಎಕ್ಸ್ ಬಣ್ಣವಿಲ್ಲದೆ ಉಳಿಯುತ್ತದೆ; ಆದ್ದರಿಂದ ಈ ಆಯ್ಕೆ ಸರಿ. ಆದರೆ ಕೆಲವು ಸ್ಲೈಡುಗಳಲ್ಲಿ ಅಂಟನ್ನು ಧಾರಾಳವಾಗಿ ಸುರಿದು ಕವರ್‌ಸ್ಲಿಪ್ಪನ್ನು ಎತ್ತರದಲ್ಲಿ ನಿಲ್ಲಿಸಿದ್ದಾರೆ. ಸೂಕ್ಷ್ಮದರ್ಶಕದ ಮಸೂರಗಳನ್ನು 0.17 ಮಿಲಿಮೀಟರ್ ದಪ್ಪದ ಕವರ್‌ಸ್ಲಿಪ್ಪಿಗೆ ಲೆಕ್ಕ ಹಾಕಿ ಮಾಡಿರುತ್ತಾರೆ, ಮತ್ತು 40 ಅಥವಾ 45 ಪಟ್ಟು ಹಿಗ್ಗಿಸುವ ಮಸೂರ ಸ್ಪಷ್ಟ ಚಿತ್ರ ಕೊಡುವ ಹೊತ್ತಿಗೆ ಗಾಜಿನಿಂದ ಒಂದು ಮಿಲಿಮೀಟರಿಗಿಂತ ಕಡಿಮೆ ದೂರದಲ್ಲಿರುತ್ತದೆ. ದಪ್ಪ ಅಂಟಿನ ಮೇಲೆ ಆ ಮಸೂರವನ್ನು ಇಳಿಸಿದಾಗ ಚಿತ್ರ ಮಸುಕಾಗುತ್ತದೆ, ಅಥವಾ ಚಿತ್ರ ಮೂಡುವ ಮೊದಲೇ ಮಸೂರ ಗಾಜಿಗೆ ತಾಗುತ್ತದೆ. ಸ್ಲೈಡನ್ನು ಓರೆಯಾಗಿ ಬೆಳಕಿಗೆ ಹಿಡಿದು ಅಂಟಿನ ದಪ್ಪವನ್ನೂ ಗುಳ್ಳೆಗಳನ್ನೂ ಅಂಗಡಿಯಲ್ಲೇ ನೋಡಿಕೊಳ್ಳಬಹುದು.

ಬಣ್ಣದ ವಿಷಯಕ್ಕೆ ಹೆಚ್ಚು ಗಮನ ಕೊಡಬೇಕು, ಏಕೆಂದರೆ ಸಸ್ಯದ ಅಂಗಾಂಶಗಳನ್ನು ಕಣ್ಣು ಬೇರ್ಪಡಿಸುವುದು ಬಣ್ಣದ ಆಧಾರದ ಮೇಲೆಯೇ. ಇಲ್ಲಿ ಬಳಸಿರುವುದು ಸಾಫ್ರನಿನ್ ಮತ್ತು ಫಾಸ್ಟ್ ಗ್ರೀನ್ ಎಂಬ ಹಳೆಯ, ನಂಬಿಕಸ್ಥ ಜೋಡಿ. ಲಿಗ್ನಿನ್ ಕೂಡಿಕೊಂಡು ಗಟ್ಟಿಯಾದ ಗೋಡೆಗಳನ್ನೂ, ಕ್ಯೂಟಿನ್ ಮತ್ತು ಸುಬರಿನ್ ಎಂಬ ಮೇಣದಂಥ ವಸ್ತುಗಳು ಸೇರಿದ ಗೋಡೆಗಳನ್ನೂ ಸಾಫ್ರನಿನ್ ಕೆಂಪಾಗಿಸುತ್ತದೆ; ಬರಿಯ ಸೆಲ್ಯುಲೋಸಿನ ತೆಳು ಗೋಡೆಗಳು ಹಸಿರನ್ನು ಹಿಡಿದುಕೊಳ್ಳುತ್ತವೆ. ಬಣ್ಣ ಸರಿಯಾಗಿ ಕೂತ ಸೀಳಿಕೆಯಲ್ಲಿ ನೀರು ಸಾಗಿಸುವ ಕ್ಸೈಲಂ ನಾಳಗಳು, ನಾರುಗಳು ಮತ್ತು ಎಲೆಯ ಮೇಲ್ಪದರದ ಕ್ಯೂಟಿಕಲ್ ಕೆಂಪಾಗಿ, ಆಹಾರ ಸಾಗಿಸುವ ಫ್ಲೋಯಂ, ಅವೆರಡರ ನಡುವೆ ಹೊಸ ಕೋಶ ಹುಟ್ಟಿಸುವ ಕ್ಯಾಂಬಿಯಂ ಮತ್ತು ತೆಳುಗೋಡೆಯ ಪ್ಯಾರೆಂಕೈಮ ಹಸಿರಾಗಿ ಕಾಣಬೇಕು. ಈ ಪೆಟ್ಟಿಗೆಯ ಕೆಲವು ಸ್ಲೈಡುಗಳಲ್ಲಿ ಹಸಿರು ಬಹುತೇಕ ಮಾಯವಾಗಿ ಇಡೀ ಸೀಳಿಕೆ ತಿಳಿಗೆಂಪಾಗಿದೆ. ಸಾಫ್ರನಿನ್ ಹಾಕಿದ ಮೇಲೆ ಹೆಚ್ಚುವರಿ ಬಣ್ಣವನ್ನು ಆಲ್ಕೋಹಾಲಿನಲ್ಲಿ ತೊಳೆದು ತೆಗೆಯುವ ಹಂತವನ್ನು ಅವಸರದಲ್ಲಿ ಮುಗಿಸಿದರೆ ಹೀಗಾಗುತ್ತದೆ. ಇಂಥ ಸ್ಲೈಡಿನಲ್ಲಿ ವಿದ್ಯಾರ್ಥಿಗೆ ಕ್ಸೈಲಂ ಮಾತ್ರ ಗುರುತು ಸಿಗುತ್ತದೆ. ಫ್ಲೋಯಂ ಎಲ್ಲಿ ಮುಗಿಯಿತು, ಕ್ಯಾಂಬಿಯಂ ಎಲ್ಲಿ ಆರಂಭವಾಯಿತು ಎಂಬುದನ್ನು ಅವನು ಪುಸ್ತಕದ ಚಿತ್ರ ನೋಡಿ ಊಹಿಸಿಕೊಳ್ಳಬೇಕಾಗುತ್ತದೆ. ಊಹಿಸಿ ಗೆರೆ ಎಳೆಯುವುದನ್ನೇ ನಮ್ಮ ರೆಕಾರ್ಡ್ ಪುಸ್ತಕಗಳು ಬಹುಕಾಲದಿಂದ ಕಲಿಸುತ್ತಿವೆ ಎಂಬುದು ಬೇರೆ ಮಾತು.

ಕಾಂಡಗಳ ಸ್ಲೈಡುಗಳಲ್ಲಿ ಸೂರ್ಯಕಾಂತಿ ಮತ್ತು ಮೆಕ್ಕೆಜೋಳ ಇದ್ದೇ ಇರುತ್ತವೆ, ಇಲ್ಲಿಯೂ ಇವೆ. ಮೆಕ್ಕೆಜೋಳದ ಅಡ್ಡಸೀಳಿಕೆ ಚೆನ್ನಾಗಿದೆ. ಹೊರಚರ್ಮದ ಕೆಳಗಿನ ಗಟ್ಟಿಗೋಡೆಯ ಸ್ಕ್ಲೀರೆಂಕೈಮ ಪಟ್ಟಿ, ಅಂಚಿನಲ್ಲಿ ಸಣ್ಣದಾಗಿ ಒತ್ತೊತ್ತಾಗಿಯೂ ನಡುವಿಗೆ ಬಂದಂತೆ ದೊಡ್ಡದಾಗಿ ವಿರಳವಾಗಿಯೂ ಚದುರಿರುವ ನಾಳಕೂರ್ಚಗಳು (ಕ್ಸೈಲಂ, ಫ್ಲೋಯಂ ಸೇರಿದ ಕಟ್ಟುಗಳು), ಪ್ರತಿ ಕೂರ್ಚದ ಸುತ್ತಲಿನ ಗಟ್ಟಿ ಕವಚ, ಒಳಗೆ ಎರಡು ದೊಡ್ಡ ಮೆಟಾಕ್ಸೈಲಂ ನಾಳಗಳು, ಅವಕ್ಕಿಂತ ಮೊದಲು ಹುಟ್ಟಿದ ಪ್ರೋಟೋಕ್ಸೈಲಂ ಹರಿದು ಉಂಟಾದ ಕುಹರ, ಎಲ್ಲವೂ ಸ್ಪಷ್ಟ. ಕ್ಸೈಲಂ ಮತ್ತು ಫ್ಲೋಯಂ ನಡುವೆ ಕ್ಯಾಂಬಿಯಂ ಇಲ್ಲದಿರುವುದನ್ನು, ಅಂದರೆ ಕೂರ್ಚ ಮುಚ್ಚಿದ ಬಗೆಯದು ಎಂಬುದನ್ನು, ಹೇಳಿಕೊಡದೆಯೇ ವಿದ್ಯಾರ್ಥಿ ಕಾಣಬಲ್ಲ. ಸೂರ್ಯಕಾಂತಿಯದು ಇದಕ್ಕೆ ತದ್ವಿರುದ್ಧ. ಕೂರ್ಚಗಳು ಉಂಗುರದಲ್ಲಿ ಜೋಡಣೆಗೊಂಡಿರುವುದೂ ಅವುಗಳ ನೆತ್ತಿಯ ಮೇಲಿನ ನಾರಿನ ಟೊಪ್ಪಿಯೂ ಕಾಣುತ್ತವೆ, ಆದರೆ ಕಾಂಡ ತೀರ ಬಲಿತದ್ದು: ಕೂರ್ಚಗಳ ನಡುವೆ ಕ್ಯಾಂಬಿಯಂ ಹಬ್ಬಿ ದ್ವಿತೀಯ ಕ್ಸೈಲಂ ತುಂಬಿಕೊಳ್ಳತೊಡಗಿದೆ. ಪ್ರಾಥಮಿಕ ರಚನೆ ಎಂದು ಚೀಟಿ ಅಂಟಿಸಿ ಬಲಿತ ಕಾಂಡವನ್ನು ಕೊಟ್ಟರೆ ಮಗು ಪುಸ್ತಕದ ಚಿತ್ರದ ಜೊತೆ ಹೋಲಿಸಿ ಗೊಂದಲಕ್ಕೆ ಬೀಳುತ್ತದೆ. ಚೀಟಿಯ ಮೇಲೆ ಗಿಡದ ಹೆಸರಿಲ್ಲ, ‘ದ್ವಿದಳ ಕಾಂಡ, ಪ್ರಾಥಮಿಕ ರಚನೆ’ ಎಂದಷ್ಟೇ ಇದೆ. ಅದು ಸೂರ್ಯಕಾಂತಿ ಎಂಬುದು ಪುಸ್ತಿಕೆಯಿಂದ ತಿಳಿದದ್ದು. ಗಿಡದ ಹೆಸರು, ಸೀಳಿಕೆಯ ದಿಕ್ಕು ಮತ್ತು ಬಣ್ಣ, ಇವು ಮೂರೂ ಇಲ್ಲದ ಚೀಟಿಯನ್ನು ನಾನು ಚೀಟಿ ಎಂದು ಒಪ್ಪುವುದಿಲ್ಲ.

ಇಲ್ಲಿ ಸೂಕ್ಷ್ಮದರ್ಶಕದ ಬಗ್ಗೆಯೂ ಒಂದು ಮಾತು ಸೇರಿಸಬೇಕು. ಕಾಲೇಜುಗಳಲ್ಲಿರುವ ಅಗ್ಗದ ಸೂಕ್ಷ್ಮದರ್ಶಕಗಳಲ್ಲಿ ಸಾಮಾನ್ಯವಾಗಿ 10 ಮತ್ತು 45 ಪಟ್ಟಿನ ಎರಡೇ ಮಸೂರಗಳಿರುತ್ತವೆ. ಹತ್ತರ ಮಸೂರದಲ್ಲಿ ಒಮ್ಮೆಗೆ ಕಾಣುವ ವೃತ್ತದ ಅಗಲ ಎರಡು ಮಿಲಿಮೀಟರಿನ ಆಸುಪಾಸು. ಸೂರ್ಯಕಾಂತಿ ಕಾಂಡದ ಸೀಳಿಕೆ ಅದಕ್ಕಿಂತ ದೊಡ್ಡದಾದ್ದರಿಂದ ಅದರ ಒಂದು ತುಂಡು ಮಾತ್ರ ಕಾಣುತ್ತದೆ, ಉಂಗುರ ಉಂಗುರವಾಗಿ ಕಾಣುವುದೇ ಇಲ್ಲ. ಈ ಪೆಟ್ಟಿಗೆಗೆ ಹಣ ಹಾಕುವ ಮೊದಲು ನಾಲ್ಕು ಪಟ್ಟಿನ ಮಸೂರವೊಂದನ್ನು ಕೊಳ್ಳುವುದು ಹೆಚ್ಚು ಲಾಭದ ವ್ಯವಹಾರ.

ಪೆಟ್ಟಿಗೆಯ ಶ್ರೇಷ್ಠ ಸ್ಲೈಡು ಕುಂಬಳ ಜಾತಿಯ ಬಳ್ಳಿಯ ಕಾಂಡದ ಉದ್ದಸೀಳಿಕೆ. ಈ ಒಂದು ಸ್ಲೈಡಿಗಾಗಿಯೇ ನಾನು ಪೆಟ್ಟಿಗೆಯನ್ನು ಹಿಂದಿರುಗಿಸಲಿಲ್ಲ ಎನ್ನಬಹುದು. ಕುಂಬಳದ ಕಾಂಡದಲ್ಲಿ ಸಾಮಾನ್ಯವಾಗಿ ಹತ್ತು ನಾಳಕೂರ್ಚಗಳು ಐದೈದರ ಎರಡು ಸುತ್ತಿನಲ್ಲಿರುತ್ತವೆ, ಮತ್ತು ಪ್ರತಿ ಕೂರ್ಚದಲ್ಲಿ ಕ್ಸೈಲಂನ ಹೊರಬದಿಯಲ್ಲಿಯೂ ಒಳಬದಿಯಲ್ಲಿಯೂ ಫ್ಲೋಯಂ ಇರುತ್ತದೆ. ಅದರ ಜರಡಿ ನಾಳಗಳು, ಅಂದರೆ ಫ್ಲೋಯಂನಲ್ಲಿ ಆಹಾರ ಸಾಗುವ ಕೊಳವೆಗಳು, ಇತರ ಎಷ್ಟೋ ಗಿಡಗಳದ್ದಕ್ಕಿಂತ ಅಗಲವಾಗಿರುವುದರಿಂದ ಫ್ಲೋಯಂ ಕಲಿಸಲು ಇದಕ್ಕಿಂತ ಒಳ್ಳೆಯ ಗಿಡವಿಲ್ಲ. ಈ ಸ್ಲೈಡಿನಲ್ಲಿ ಜರಡಿ ನಾಳದ ಒಂದು ಕೋಶ ಮುಗಿದು ಇನ್ನೊಂದು ಆರಂಭವಾಗುವಲ್ಲಿ ಅಡ್ಡವಾಗಿ ನಿಂತ ಜರಡಿ ತಟ್ಟೆಗಳೂ, ಕಾಂಡವನ್ನು ಕೊಯ್ದ ಕ್ಷಣದಲ್ಲಿ ಒತ್ತಡ ಇಳಿದು ತಟ್ಟೆಯ ಬಳಿ ಬಂದು ಶೇಖರವಾದ ಪ್ರೋಟೀನಿನ ಗಡ್ಡೆಯೂ, ಪಕ್ಕದಲ್ಲೇ ಅಂಟಿಕೊಂಡಿರುವ ದಟ್ಟ ಬಣ್ಣದ ಸಂಗಾತಿ ಕೋಶಗಳೂ ಕಾಣುತ್ತವೆ. ಬಲಿತ ಜರಡಿ ಕೋಶದಲ್ಲಿ ಕೋಶಕೇಂದ್ರ ಇರುವುದಿಲ್ಲ, ಆದರೂ ಅದು ಜೀವಂತ. ಅದರ ಆಗುಹೋಗುಗಳನ್ನು ಸಂಗಾತಿ ಕೋಶ ನೋಡಿಕೊಳ್ಳುತ್ತದೆ. ಪಾಠದಲ್ಲಿ ಒಂದು ಸಾಲಾಗಿ ಹೋಗುವ ಈ ಸಂಗತಿ ಇಲ್ಲಿ ಕಣ್ಣಿಗೆ ಕಾಣುವ ಸಂಗತಿ. ಜರಡಿ ನಾಳಗಳನ್ನು ಜರ್ಮನಿಯ ಅರಣ್ಯಶಾಸ್ತ್ರಜ್ಞ ಥಿಯೋಡರ್ ಹಾರ್ಟಿಗ್ 1837ರಲ್ಲಿ ಗುರುತಿಸಿದ. ಕ್ಸೈಲಂ, ಫ್ಲೋಯಂ ಎಂಬ ಹೆಸರುಗಳನ್ನು ಕಾರ್ಲ್ ನೇಗೆಲಿ ಕೊಟ್ಟದ್ದು 1858ರಲ್ಲಿ. ಮುಂದೆ ಇಪ್ಪತ್ತನೆಯ ಶತಮಾನದಲ್ಲಿ ಸಸ್ಯವಿಜ್ಞಾನಿ ಕ್ಯಾಥರೀನ್ ಈಸಾ ಸಕ್ಕರೆ ಬೀಟ್ ಬೆಳೆಯ ಎಲೆಸುರುಳಿ ರೋಗದ ವೈರಸ್ಸನ್ನು ಬೆನ್ನತ್ತಿ ಹೋಗಿ ಫ್ಲೋಯಂ ರಚನೆಯ ಬಗ್ಗೆ ಜಗತ್ತಿನ ಅತ್ಯಂತ ದೊಡ್ಡ ವಿದ್ವಾಂಸೆಯಾದರು. ಇಷ್ಟೆಲ್ಲ ಪರಿಶ್ರಮ ಬೇಡಿದ ಅಂಗಾಂಶ ಒಂದು ಗಾಜಿನ ಪಟ್ಟಿಯ ಮೇಲೆ ನಿರಾಯಾಸವಾಗಿ ಸಿಗುವುದಾದರೆ ಅದಕ್ಕೆ ಹಣ ಕೊಡಲು ಬೇಸರವಿಲ್ಲ. ಇದನ್ನು ಕೈಯಲ್ಲಿ ಕೊಯ್ದು ಪಡೆಯುವುದು ಬಹಳ ಕಷ್ಟ. ಮೇಣದಲ್ಲಿ ಅದ್ದಿ, ಮೈಕ್ರೋಟೋಮ್ ಯಂತ್ರದಲ್ಲಿ ಸುಮಾರು ಹತ್ತು ಮೈಕ್ರಾನ್ ದಪ್ಪಕ್ಕೆ ಸೀಳಿದಾಗಲೇ ತಟ್ಟೆಯ ರಂಧ್ರಗಳು ಬಿಡಿಸಿಕೊಳ್ಳುತ್ತವೆ.

ಇದೇ ಕಾರಣಕ್ಕೆ ಬೇರಿನ ತುದಿ ಮತ್ತು ಕಾಂಡದ ತುದಿಯ ಉದ್ದಸೀಳಿಕೆಗಳ ಮೇಲೆ ನನಗೆ ಹೆಚ್ಚು ನಿರೀಕ್ಷೆಯಿತ್ತು. ಈರುಳ್ಳಿ ಬೇರಿನ ತುದಿ ಆ ನಿರೀಕ್ಷೆಗೆ ತಕ್ಕಂತಿದೆ: ಬೇರಿನ ಟೊಪ್ಪಿ, ಅದರ ಹಿಂದೆ ಚಿಕ್ಕ ಚಿಕ್ಕ ಕೋಶಗಳು ಒತ್ತೊತ್ತಾಗಿ ತುಂಬಿದ ವರ್ಧನ ಅಂಗಾಂಶ, ಅಲ್ಲಲ್ಲಿ ವಿಭಜನೆಯ ಹಂತದಲ್ಲಿರುವ ಕೋಶಗಳು, ಮೇಲೆ ಹೋದಂತೆ ಉದ್ದವಾಗುತ್ತ ಸಾಲುಗಟ್ಟುವ ಕೋಶಗಳು. ಕಾಂಡದ ತುದಿಯ ಸ್ಲೈಡು ಮಾತ್ರ ಕೆಟ್ಟಿತ್ತು. ನಮ್ಮ ದೊಡ್ಡಪತ್ರೆಯ ಕುಲಕ್ಕೇ ಸೇರಿದ ಬಣ್ಣದೆಲೆಯ ಕೋಲಿಯಸ್ ಗಿಡದ ತುದಿ ಅದು. ತುದಿಯ ಗುಮ್ಮಟ ಬಹಳ ಸಣ್ಣದು. ಸೀಳಿಕೆ ನಟ್ಟನಡುವಿನಲ್ಲಿ ಹಾದುಹೋಗದೆ ಸ್ವಲ್ಪ ಪಕ್ಕಕ್ಕೆ ಸರಿದರೂ ಎಳೆ ಎಲೆಗಳು ಕಾಣುತ್ತವೆಯೇ ಹೊರತು ಅವುಗಳ ನಡುವಿನ ಗುಮ್ಮಟ ಕಾಣುವುದಿಲ್ಲ. ನನಗೆ ಬಂದದ್ದು ಅಂಥದ್ದು. ಮೇಣದ ಒಂದು ಪಟ್ಟಿಯಲ್ಲಿ ಸಾಲಾಗಿ ಹತ್ತಾರು ಸೀಳಿಕೆಗಳು ಬರುತ್ತವೆ, ಅವುಗಳಲ್ಲಿ ನಟ್ಟನಡುವಿನ ಒಂದೆರಡು ಮಾತ್ರ ಪ್ರಯೋಜನಕ್ಕೆ ಬರುವಂಥವು. ಉಳಿದವನ್ನು ಎಸೆಯುವ ಮನಸ್ಸು ತಯಾರಕನಿಗೆ ಬರಬೇಕು. ಎಸೆಯದೆ ಎಲ್ಲವನ್ನೂ ಗಾಜಿಗೆ ಅಂಟಿಸಿ ಮಾರಿದರೆ ಯಾರೋ ಒಬ್ಬ ವಿದ್ಯಾರ್ಥಿಗೆ ಗುಮ್ಮಟವಿಲ್ಲದ ತುದಿ ಸಿಗುತ್ತದೆ.

ಬೇರುಗಳ ಅಡ್ಡಸೀಳಿಕೆಗಳ ಬಗ್ಗೆ ಹೇಳುವುದು ಕಡಿಮೆ. ಕಡಲೆಯ ಬೇರು ಮತ್ತು ಮೆಕ್ಕೆಜೋಳದ ಬೇರು ಎರಡೂ ತೃಪ್ತಿಕರವಾಗಿವೆ. ದ್ವಿದಳದ್ದರಲ್ಲಿ ಕ್ಸೈಲಂ ಗುಂಪುಗಳು ಕೆಲವೇ, ಏಕದಳದ್ದರಲ್ಲಿ ಅನೇಕ ಎಂಬ ವ್ಯತ್ಯಾಸವೂ, ಏಕದಳದ ಬೇರಿನ ನಡುವಿನ ದೊಡ್ಡ ತಿರುಳೂ ಒಂದೇ ನೋಟಕ್ಕೆ ತಿಳಿಯುತ್ತವೆ. ಕಡಲೆಯ ಬೇರಿನ ಒಳಚರ್ಮದಲ್ಲಿ ಕ್ಯಾಸ್ಪೇರಿಯನ್ ಪಟ್ಟಿ (ಕೋಶಗೋಡೆಯಲ್ಲಿ ನೀರನ್ನು ತಡೆಯುವ ಪಟ್ಟಿ) ಕಾಣುತ್ತದೆಂದು ಪುಸ್ತಿಕೆ ಹೇಳುತ್ತದೆ, ನನ್ನ ಸ್ಲೈಡಿನಲ್ಲಿ ಅದು ಕಾಣಲಿಲ್ಲ.

ಎಲೆಗಳ ವಿಭಾಗದಲ್ಲಿ ಒಂದು ಸ್ವಾರಸ್ಯಕರ ಕೊರತೆಯಿದೆ. ರಬ್ಬರ್ ಗಿಡವೆಂದು ನಮ್ಮ ನರ್ಸರಿಗಳಲ್ಲಿ ಮಾರುವ, ಆಲದ ಕುಲಕ್ಕೆ ಸೇರಿದ ಗಿಡದ ಎಲೆಯ ಸೀಳಿಕೆಯನ್ನು ಸಿಸ್ಟೊಲಿತ್ ತೋರಿಸಲೆಂದೇ ಕೊಟ್ಟಿದ್ದಾರೆ. ಸಿಸ್ಟೊಲಿತ್ ಎಂದರೆ ಮೇಲ್ಪದರದ ದೊಡ್ಡ ಕೋಶವೊಂದರೊಳಗೆ ಸಣ್ಣ ಕಾಂಡಿನಿಂದ ಜೋತುಬಿದ್ದಿರುವ ಕ್ಯಾಲ್ಸಿಯಂ ಕಾರ್ಬೊನೇಟಿನ ಗೊನೆ. ಸ್ಲೈಡಿನಲ್ಲಿ ಕೋಶವಿದೆ, ಕಾಂಡಿದೆ, ಗೊನೆ ಇದ್ದ ಜಾಗದಲ್ಲಿ ಮಸುಕಾದ ಎಲುಬುಗೂಡಿದೆ. ಕಾರಣ ಸರಳ: ಸಸ್ಯದ ತುಂಡುಗಳನ್ನು ಕೆಡದಂತೆ ಹಿಡಿದಿಡಲು ಸ್ಲೈಡು ತಯಾರಕರು ಸಾಮಾನ್ಯವಾಗಿ ಬಳಸುವುದು ಫಾರ್ಮಲಿನ್, ಅಸಿಟಿಕ್ ಆಮ್ಲ ಮತ್ತು ಆಲ್ಕೋಹಾಲಿನ ಮಿಶ್ರಣವನ್ನು, ಅದರ ಆಮ್ಲ ಕಾರ್ಬೊನೇಟನ್ನು ಕರಗಿಸಿಬಿಡುತ್ತದೆ. ಯಾವುದನ್ನು ತೋರಿಸಲು ಸ್ಲೈಡು ಮಾಡಿದರೋ ಅದನ್ನೇ ತಯಾರಿಕೆಯ ಮೊದಲ ಹಂತದಲ್ಲಿ ಕಳೆದುಕೊಂಡಿದ್ದಾರೆ. ತಾಜಾ ಎಲೆಯನ್ನು ಬ್ಲೇಡಿನಿಂದ ತೆಳುವಾಗಿ ಕೊಯ್ದು ನೀರಿನಲ್ಲಿಟ್ಟು ನೋಡಿದರೆ ಗೊನೆ ಪೂರ್ತಿಯಾಗಿ ಕಾಣುತ್ತದೆ, ಕವರ್‌ಸ್ಲಿಪ್ಪಿನ ಅಂಚಿಗೆ ಒಂದು ಹನಿ ಸೌಮ್ಯ ಆಮ್ಲ ಬಿಟ್ಟರೆ ಗುಳ್ಳೆಯೇಳುತ್ತ ಕರಗುವುದೂ ಕಾಣುತ್ತದೆ. ಇದಕ್ಕೆ ಹೋಲಿಸಿದರೆ ಕೆಸುವಿನ ದಂಟಿನ ಸ್ಲೈಡಿನಲ್ಲಿ ಸೂಜಿಯಾಕಾರದ ಹರಳುಗಳ ಕಟ್ಟುಗಳು ಹಾಗೆಯೇ ಉಳಿದಿವೆ. ಅವು ಕ್ಯಾಲ್ಸಿಯಂ ಆಕ್ಸಲೇಟಿನವು, ಅಸಿಟಿಕ್ ಆಮ್ಲಕ್ಕೆ ಕರಗುವುದಿಲ್ಲ. ಸರಿಯಾಗಿ ಬೇಯಿಸದ ಪತ್ರೊಡೆ ಗಂಟಲು ಕೆರೆಯುವುದು ಏಕೆಂದು ಕೇಳುವ ಮಕ್ಕಳಿಗೆ ಈ ಸ್ಲೈಡನ್ನು ತೋರಿಸಿದರೆ ಸಾಕು.

ಕಣಗಿಲೆ ಎಲೆಯ ಸ್ಲೈಡು ಪರವಾಗಿಲ್ಲ. ಹಲವು ಪದರಗಳ ಮೇಲ್ಚರ್ಮ, ಕೆಳಬದಿಯಲ್ಲಿ ಗುಳಿಗಳಾಗಿ ಒಳಸರಿದು ಕೂದಲುಗಳ ಮರೆಯಲ್ಲಿ ಕುಳಿತ ಪತ್ರರಂಧ್ರಗಳು ಸ್ಪಷ್ಟವಾಗಿವೆ. ಇದನ್ನೂ ರಸ್ತೆ ವಿಭಜಕದ ಗಿಡದಿಂದ ಕೈಯಲ್ಲೇ ಕೊಯ್ಯಬಹುದು, ಆದರೆ ಕಣಗಿಲೆಯ ಎಲ್ಲ ಭಾಗಗಳೂ ವಿಷವಾದ್ದರಿಂದ ಮಕ್ಕಳಿರುವ ಕಡೆ ಸಿದ್ಧ ಸ್ಲೈಡೇ ಮೇಲು. ಸಿ4 ಎಂಬ ಬಗೆಯ ದ್ಯುತಿಸಂಶ್ಲೇಷಣೆ ನಡೆಸುವ ಎಲೆಗಳ ಕ್ರಾಂಜ್ ರಚನೆಗೆ, ಅಂದರೆ ನರಗಳ ಸುತ್ತ ಕ್ಲೋರೊಪ್ಲಾಸ್ಟ್ ತುಂಬಿದ ದೊಡ್ಡ ಕವಚ ಕೋಶಗಳ ಉಂಗುರಕ್ಕೆ, ಕಬ್ಬಿನ ಎಲೆಯನ್ನು ಕೊಟ್ಟಿದ್ದಾರೆ. ಸೀಳಿಕೆ ಸರಿಯಾಗಿದೆ, ಆದರೆ ಬಣ್ಣ ಹಾಕುವ ಪ್ರಕ್ರಿಯೆಯಲ್ಲಿ ಎಲೆಯ ಸಹಜ ಹಸಿರು ಹೋಗಿಬಿಡುವುದರಿಂದ ಹಸಿರು ಯಾವ ಕೋಶದಲ್ಲಿ ದಟ್ಟವಾಗಿದೆ ಎಂಬ ಮುಖ್ಯ ಸಂಗತಿ ತಿಳಿಯದು. ಬೆಂಗಳೂರಿನ ಸುತ್ತ ಬೆಳೆಯುವ ರಾಗಿಯೂ ಸಿ4 ಬೆಳೆಯೇ. ಒಂದು ಹಿಡಿ ರಾಗಿಯನ್ನು ಕುಂಡದಲ್ಲಿ ಬಿತ್ತಿದರೆ ಕೆಲವೇ ವಾರಗಳಲ್ಲಿ ಕೊಯ್ಯುವಷ್ಟು ಎಲೆ ಬರುತ್ತದೆ, ಬಣ್ಣ ಹಾಕದ ತಾಜಾ ಸೀಳಿಕೆಯಲ್ಲಿ ಹಸಿರು ಉಂಗುರಗಳು ಎದ್ದು ಕಾಣುತ್ತವೆ. ಪಕ್ಕದಲ್ಲಿ ಭತ್ತದ ಎಲೆಯ ಸೀಳಿಕೆಯನ್ನು ಇಟ್ಟರೆ ಅಂಥ ಉಂಗುರವಿಲ್ಲದಿರುವುದೂ ಕಾಣುತ್ತದೆ.

ದ್ವಿತೀಯ ಬೆಳವಣಿಗೆಗೆ, ಅಂದರೆ ಕಾಂಡ ಮತ್ತು ಬೇರು ದಪ್ಪವಾಗುವುದಕ್ಕೆ, ಸಂಬಂಧಿಸಿದ ಸ್ಲೈಡುಗಳು ಪಿಯುಸಿ ವಿದ್ಯಾರ್ಥಿಗೆ ಈಗ ಪರೀಕ್ಷೆಯ ದೃಷ್ಟಿಯಿಂದ ಬೇಕಾಗಿಲ್ಲ. ಕೆಲವು ವರ್ಷಗಳ ಹಿಂದೆ ಎನ್‌ಸಿಇಆರ್‌ಟಿ ಪಠ್ಯವನ್ನು ಹಗುರಗೊಳಿಸಿದಾಗ ಆ ಭಾಗವನ್ನು ಕೈಬಿಟ್ಟರು. ಆದರೂ ಪೆಟ್ಟಿಗೆಯಲ್ಲಿ ಅವು ಉಳಿದಿರುವುದು ನನಗೆ ಸಂತೋಷವೇ. ಡ್ರಸೀನಾ ಎಂಬ ಏಕದಳ ಗಿಡದ ಕಾಂಡದ ಸ್ಲೈಡು ಸೊಗಸಾಗಿದೆ. ಏಕದಳ ಸಸ್ಯಗಳ ಕಾಂಡ ದಪ್ಪವಾಗುವುದಿಲ್ಲ ಎಂದು ಕಲಿತ ವಿದ್ಯಾರ್ಥಿಗೆ, ಹೊರಭಾಗದಲ್ಲಿ ಹೊಸದಾಗಿ ಹುಟ್ಟಿದ ಕ್ಯಾಂಬಿಯಂ ಒಳಮುಖವಾಗಿ ಹೊಸ ಕೂರ್ಚಗಳನ್ನು ಸೃಷ್ಟಿಸುವುದನ್ನೂ, ಆ ಕೂರ್ಚಗಳಲ್ಲಿ ನಡುವಿನ ಫ್ಲೋಯಂ ಅನ್ನು ಕ್ಸೈಲಂ ಸುತ್ತುವರಿದಿರುವುದನ್ನೂ ತೋರಿಸಿದಾಗ ನಿಯಮ ಮತ್ತು ಅಪವಾದಗಳ ಬಗ್ಗೆ ಬೇರೆ ಪಾಠ ಬೇಡ.

ತೇಗದ ಸ್ಲೈಡಿನ ಮೇಲೆ ನನ್ನ ಆಕ್ಷೇಪ ದೊಡ್ಡದು, ಏಕೆಂದರೆ ಈ ಬಗೆಯ ಎಲ್ಲ ಪೆಟ್ಟಿಗೆಗಳ ಮೂಲದೋಷ ಅಲ್ಲಿ ಎದ್ದು ಕಾಣುತ್ತದೆ. ಕೊಟ್ಟಿರುವುದು ಅಡ್ಡಸೀಳಿಕೆ ಒಂದನ್ನೇ. ಋತುವಿನ ಆರಂಭದಲ್ಲಿ ಹುಟ್ಟಿದ ದೊಡ್ಡ ನಾಳಗಳು ಸಾಲಾಗಿ ಉಂಗುರ ಕಟ್ಟುವುದು ಅದರಲ್ಲಿ ಚೆನ್ನಾಗಿ ಕಾಣುತ್ತದೆ, ನಿಜ. ಆದರೆ ಮರವನ್ನು ತಿಳಿಯಲು ಮೂರು ಮುಖಗಳು ಬೇಕು: ಅಡ್ಡ, ತೊಗಟೆಗೆ ಸಮಾನಾಂತರವಾದ ಉದ್ದ, ಮತ್ತು ನಡುವಿನಿಂದ ತೊಗಟೆಯತ್ತ ಹಾಯುವ ಉದ್ದ. ನಡುವಿನಿಂದ ತೊಗಟೆಯತ್ತ ಹಾಯುವ ಕೋಶಗಳ ಪಟ್ಟಿಯಾದ ಕಿರಣ ಅಂಗಾಂಶ ಮೊದಲನೆಯದರಲ್ಲಿ ಬರಿಯ ಗೆರೆ. ಎರಡನೆಯದರಲ್ಲಿ ಅದರ ಎತ್ತರ ಮತ್ತು ಅಗಲ ತಿಳಿಯುತ್ತವೆ. ಮೂರನೆಯದರಲ್ಲಿ ಅದರ ಕೋಶಗಳು ಮಲಗಿವೆಯೋ ನಿಂತಿವೆಯೋ ತಿಳಿಯುತ್ತದೆ. ನೆಲನಕ್ಷೆಯೊಂದನ್ನೇ ಕೊಟ್ಟು ಮನೆಗೆ ಎಷ್ಟು ಮಹಡಿ ಎಂದು ಕೇಳಿದಂತಾಯಿತು. 25 ಸ್ಲೈಡುಗಳಲ್ಲಿ ಬಹುಪಾಲು ಅಡ್ಡಸೀಳಿಕೆಗಳೇ ಆಗಿರುವುದರಿಂದ ನಾಳ, ಟ್ರಕೀಡ್, ನಾರು ಎಂಬವು ವಿದ್ಯಾರ್ಥಿಯ ಮನಸ್ಸಿನಲ್ಲಿ ದೊಡ್ಡ ವೃತ್ತ, ಸಣ್ಣ ವೃತ್ತ, ದಪ್ಪಂಚಿನ ವೃತ್ತಗಳಾಗಿ ಉಳಿದುಬಿಡುತ್ತವೆ. ಅವು ಉದ್ದನೆಯ ಕೊಳವೆಗಳು, ನಾಳಗಳು ಕೊನೆಯಲ್ಲಿ ತೆರೆದಿವೆ, ಟ್ರಕೀಡ್ ಮತ್ತು ನಾರುಗಳು ಮುಚ್ಚಿವೆ ಎಂಬುದು ಮನಸ್ಸಿಗೆ ಹೊಗುವುದಿಲ್ಲ. ನಾಳಗಳು ಇವೆಯೋ ಇಲ್ಲವೋ ಎಂಬ ಪ್ರಶ್ನೆ ಹೂಬಿಡುವ ಸಸ್ಯಗಳ ವಿಕಾಸದ ಚರ್ಚೆಯಲ್ಲಿ ಎಷ್ಟು ಮುಖ್ಯವಾಗಿತ್ತೆಂದರೆ, ಕನ್ನಡಿಗರು ಲೇಖಕರಾಗಿ ಹೆಚ್ಚು ಬಲ್ಲ ಬಿ.ಜಿ.ಎಲ್. ಸ್ವಾಮಿಯವರು ಹಾರ್ವರ್ಡ್‌ನ ಐ.ಡಬ್ಲ್ಯು. ಬೈಲಿ ಅವರೊಂದಿಗೆ 1950ರಲ್ಲಿ ಸಾರ್ಕಾಂಡ್ರ ಎಂಬ ಸಸ್ಯಕುಲದ ಕಾಷ್ಠದಲ್ಲಿ ನಾಳಗಳಿಲ್ಲವೆಂದು ವರದಿ ಮಾಡಿದ್ದು ಸಸ್ಯವಿಜ್ಞಾನಿಗಳ ವಲಯದಲ್ಲಿ ದೊಡ್ಡ ಸುದ್ದಿಯಾಯಿತು. ಅದೇ ಕುಲದಲ್ಲಿ ನಾಳಗಳಿವೆಯೆಂದು ನಂತರದ ಸಂಶೋಧಕರು ತೋರಿಸಿ ಆ ತೀರ್ಮಾನವನ್ನು ತಿದ್ದಿದರು. ಇಂಥ ವಾದಗಳು ತೀರ್ಮಾನವಾಗುವುದು ಉದ್ದಸೀಳಿಕೆಗಳಲ್ಲಿ ಮತ್ತು ಬಿಡಿಬಿಡಿಯಾಗಿಸಿದ ಕೋಶಗಳಲ್ಲಿ. ಕಾಷ್ಠದ ಒಳರಚನೆಯಲ್ಲಿ ಆಸಕ್ತಿ ಹುಟ್ಟಿದ ಬೆಂಗಳೂರಿನ ವಿದ್ಯಾರ್ಥಿ ಮಲ್ಲೇಶ್ವರದ 18ನೇ ಅಡ್ಡರಸ್ತೆಯಲ್ಲಿರುವ ಕಾಷ್ಠ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯ ಬಗ್ಗೆ ತಿಳಿದಿರುವುದು ಒಳ್ಳೆಯದು. ಮರದ ತುಂಡನ್ನು ಅದರ ಒಳರಚನೆಯಿಂದ ಗುರುತಿಸುವ ಕೆಲಸ ಅಲ್ಲಿ ನಡೆಯುತ್ತದೆ.

ಪುಸ್ತಿಕೆಯನ್ನು ನಾನು ವಿದ್ಯಾರ್ಥಿಗಳಿಗೆ ಕೊಡಲಿಲ್ಲ. ಇಂಗ್ಲಿಷಿನಲ್ಲಿ ಮಾತ್ರ ಇರುವುದು ಒಂದು ತೊಂದರೆ, ತಪ್ಪುಗಳಿರುವುದು ಇನ್ನೊಂದು. ಕ್ಸೈಲಂ ಪೂರ್ತಿ ನಿರ್ಜೀವ, ಫ್ಲೋಯಂ ಪೂರ್ತಿ ಸಜೀವ ಎಂದು ಬರೆದಿದ್ದಾರೆ. ಕ್ಸೈಲಂನ ಪ್ಯಾರೆಂಕೈಮ ಸಜೀವ, ಫ್ಲೋಯಂನ ನಾರುಗಳು ಬಲಿತಾಗ ನಿರ್ಜೀವ. ವಿವರಣೆಯೆಲ್ಲ ಅಂಗಗಳ ಪ್ರಕಾರ ಹೋಗುತ್ತದೆ, ಬೇರಿಗೊಂದು ಪುಟ, ಕಾಂಡಕ್ಕೊಂದು, ಎಲೆಗೊಂದು. ಹೊದಿಕೆ, ತಳಪಾಯ, ವಾಹಕ ಎಂದು ಅಂಗಾಂಶಗಳನ್ನು ಮೂರು ವ್ಯವಸ್ಥೆಗಳಾಗಿ ಜರ್ಮನಿಯ ಯೂಲಿಯಸ್ ಸಾಕ್ಸ್ 1875ರಲ್ಲಿ ವಿಂಗಡಿಸಿದ್ದು ಇಂದಿಗೂ ಪಠ್ಯಗಳ ಆಧಾರ. ಆ ಕ್ರಮವನ್ನು ಅನುಸರಿಸಿ ಒಂದೇ ವ್ಯವಸ್ಥೆ ಬೇರಿನಿಂದ ಎಲೆಯವರೆಗೆ ಹೇಗೆ ಮುಂದುವರಿಯುತ್ತದೆ ಎಂದು ಬರೆದಿದ್ದರೆ ಪುಸ್ತಿಕೆಗೆ ಬೆಲೆ ಬರುತ್ತಿತ್ತು.

ಪೆಟ್ಟಿಗೆಯಲ್ಲಿ ಇಲ್ಲದಿರುವುದನ್ನೂ ಹೇಳಬೇಕು. ಕೋಲೆಂಕೈಮಕ್ಕೆ ಪ್ರತ್ಯೇಕ ಸ್ಲೈಡಿಲ್ಲ. ತುಳಸಿಯ ಎಳೆ ಕಾಂಡವನ್ನು ಕೊಯ್ದರೆ ನಾಲ್ಕು ಮೂಲೆಗಳಲ್ಲೂ ಮೂಲೆ ದಪ್ಪವಾದ ಆ ಕೋಶಗಳು ಸಿಗುತ್ತವೆ. ಕಲ್ಲುಕೋಶಗಳೂ ಇಲ್ಲ, ಸೀಬೆಹಣ್ಣಿನ ಬೀಜದ ಬಳಿಯ ತಿರುಳಿನ ಚೂರನ್ನು ಗಾಜಿನ ಮೇಲೆ ಹಿಸುಕಿದರೆ ಹಲ್ಲಿಗೆ ಸಿಗುವ ಮರಳು ಏನೆಂದು ಗೊತ್ತಾಗುತ್ತದೆ. ತಾವರೆಯ ದಂಟನ್ನು ಮುರಿದು ಮೆಲ್ಲಗೆ ಎಳೆದಾಗ ಹೊರಡುವ ನೂಲು ಕ್ಸೈಲಂ ನಾಳಗಳ ಸುರುಳಿ ಗೋಡೆಯೇ ಆಗಿದ್ದು, ಅದನ್ನು ಗಾಜಿನ ಮೇಲೆ ಹರಡಿದರೆ ಯಾವ ಸಿದ್ಧ ಸ್ಲೈಡೂ ತೋರಿಸದ ರೀತಿಯಲ್ಲಿ ಸುರುಳಿ ಬಿಚ್ಚಿಕೊಳ್ಳುತ್ತದೆ, ಕೆ.ಆರ್. ಮಾರುಕಟ್ಟೆಯಲ್ಲಿ ತಾವರೆಗೆ ಬರವಿಲ್ಲ. ಅಂಗಳದ ಪಾರಿಜಾತದ ಚೌಕಾಕಾರದ ಎಳೆ ಕಾಂಡದಲ್ಲಿ ನಾಲ್ಕು ಮೂಲೆಗಳಲ್ಲಿ ಒಂದೊಂದು ಹೆಚ್ಚುವರಿ ಕೂರ್ಚವಿದ್ದು, ಅವುಗಳಲ್ಲಿ ಕ್ಸೈಲಂ ಹೊರಗೆ, ಫ್ಲೋಯಂ ಒಳಗೆ ತಲೆಕೆಳಗಾಗಿ ಜೋಡಣೆಗೊಂಡಿರುತ್ತದೆ. ದಂಟಿನ ಸೊಪ್ಪಿನ ಕಾಂಡದ ತಿರುಳಿನಲ್ಲೂ ಕೂರ್ಚಗಳಿರುತ್ತವೆ. ಇವನ್ನೆಲ್ಲ ಕ್ಯಾರೆಟ್ಟಿನ ಸೀಳಿನಲ್ಲಿ ಸಿಕ್ಕಿಸಿ ಹೊಸ ಬ್ಲೇಡಿನಿಂದ ಕೊಯ್ದು, 0.05 ಪ್ರತಿಶತ ಟೊಲ್ಯೂಡಿನ್ ಬ್ಲೂ ದ್ರಾವಣದಲ್ಲಿ ಒಂದು ನಿಮಿಷ ಇಟ್ಟು ನೀರಿನಲ್ಲಿ ತೊಳೆದರೆ ಸಾಕು: ಒಂದೇ ಬಣ್ಣ ಲಿಗ್ನಿನ್ ಇರುವ ಗೋಡೆಗಳನ್ನು ಹಸಿರುಮಿಶ್ರಿತ ನೀಲಿಯಾಗಿ, ತೆಳು ಗೋಡೆಗಳನ್ನು ನೇರಳೆಯಾಗಿ ತೋರಿಸುತ್ತದೆ. ಲಾಲ್‌ಬಾಗಿನಲ್ಲಿ ಗಿಡ ಕೀಳುವಂತಿಲ್ಲ, ಕೀಳುವ ಅಗತ್ಯವೂ ಇಲ್ಲ.

ಹೀಗಾಗಿ ಇಡೀ ಪೆಟ್ಟಿಗೆಯನ್ನು ಕಾಲೇಜು ಕೊಳ್ಳಬಹುದು, ಮನೆಯಲ್ಲಿ ಓದುವ ಒಬ್ಬ ವಿದ್ಯಾರ್ಥಿ ಕೊಳ್ಳಬೇಕಾಗಿಲ್ಲ. ಅಂಗಡಿಯವರು ಬಿಡಿ ಸ್ಲೈಡುಗಳನ್ನೂ ಕೊಡುತ್ತಾರೆ, ಕೇಳಬೇಕು ಅಷ್ಟೆ. ಬೇರಿನ ತುದಿ, ಕಾಂಡದ ತುದಿ, ಕುಂಬಳದ ಉದ್ದಸೀಳಿಕೆ, ಡ್ರಸೀನಾ, ಮೆಕ್ಕೆಜೋಳದ ಕಾಂಡ ಮತ್ತು ಬೇರು, ಇಷ್ಟನ್ನು ಆರಿಸಿಕೊಂಡರೆ ಹಣ ವ್ಯರ್ಥವಾಗದು. ಆರಿಸುವಾಗ ಅಂಗಡಿಯ ಸೂಕ್ಷ್ಮದರ್ಶಕದಲ್ಲಿ ನೋಡಿಯೇ ತೆಗೆದುಕೊಳ್ಳಬೇಕು.

ಅಂಗಡಿಯ ಸೇವೆಯ ಬಗ್ಗೆ ದೂರಿಲ್ಲ. ಕಾಂಡದ ತುದಿ ಮತ್ತು ಸೂರ್ಯಕಾಂತಿಯ ಸ್ಲೈಡುಗಳನ್ನು ಹಿಂದೆ ತೆಗೆದುಕೊಂಡು ಹೋದಾಗ ಗಲ್ಲಾದಲ್ಲಿದ್ದವರು, “ಎಲ್ಲಾ ಕಾಲೇಜಿಗೂ ಇದೇ ಹೋಗೋದು ಸರ್, ಯಾರೂ ವಾಪಸ್ ತಂದಿಲ್ಲ” ಎಂದು ಅಚ್ಚರಿಪಟ್ಟರಾದರೂ, ಗುಮ್ಮಟ ಎಲ್ಲಿರಬೇಕೆಂದು ತೋರಿಸಿದ ಮೇಲೆ ತಕರಾರಿಲ್ಲದೆ ಗೋದಾಮಿನಿಂದ ಒಂದು ಕಟ್ಟು ತರಿಸಿ ನನ್ನ ಮುಂದಿಟ್ಟರು. ಅದರಲ್ಲಿ ನಟ್ಟನಡುವೆ ಸೀಳಿದ ಕಾಂಡದ ತುದಿ ಸಿಕ್ಕಿತು. ಎಳೆಯ ಸೂರ್ಯಕಾಂತಿ ಕಾಂಡ ಮಾತ್ರ ಆ ಕಟ್ಟಿನಲ್ಲೂ ಇರಲಿಲ್ಲ. ಅದರ ಬದಲಿಗೆ ಕಬ್ಬಿನ ಎಲೆಯದೇ ಇನ್ನೊಂದು ಸ್ಲೈಡನ್ನು ಕೊಟ್ಟು ಕಳುಹಿಸಿದ್ದಾರೆ.